ಬೀದರಿನ ಕ್ಯಾನು, ಬೀರಂಗುಡದ ಬೋರು

ಹೈದರಾಬಾದಿನಿಂದ ಬೀದರಿಗೆ ಸುಮಾರು 140 ಕಿಲೋಮೀಟರ್. ಮುಂಬೈ ಹೆದ್ದಾರಿ ಹಿಡಿದು ಪಟಾನ್‌ಚೆರು, ಸಂಗಾರೆಡ್ಡಿ, ಸದಾಶಿವಪೇಟೆ ದಾಟಿ ಜಹೀರಾಬಾದಿನಲ್ಲಿ ಬಲಕ್ಕೆ ತಿರುಗಿದರೆ ಮುಂದೆ ಮುಕ್ಕಾಲು ಗಂಟೆಯ ದಾರಿ. ಕಿಟಕಿಯ ಪಕ್ಕ ಕುಳಿತವರಿಗೆ ಈ ದಾರಿಯಲ್ಲಿ ನೆಲ ಮೂರು ಸಲ ಬದಲಾಗುವುದು ಕಾಣುತ್ತದೆ. ಹೈದರಾಬಾದಿನ ಸುತ್ತ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗ್ರಾನೈಟ್ ಬಂಡೆಗಳು. ಸದಾಶಿವಪೇಟೆ ದಾಟುವ ಹೊತ್ತಿಗೆ ಬಂಡೆಗಳು ಮಾಯವಾಗಿ ಕಪ್ಪು ಎರೆಮಣ್ಣು. ಜಹೀರಾಬಾದಿನ ಕಬ್ಬಿನ ಹೊಲ ದಾಟಿ ಬೀದರಿನ ದಿಬ್ಬ ಏರುವಾಗ ರಸ್ತೆಯ ಎರಡೂ ಬದಿ ಇಟ್ಟಿಗೆಯಂಥ ಕೆಂಪು.

ಈ ಮೂರು ನೆಲಗಳನ್ನು ನಾನು ಬರೀ ಬಣ್ಣವೆಂದು ಇಪ್ಪತ್ತು ವರ್ಷ ನೋಡಿಕೊಂಡು ಓಡಾಡಿದ್ದೆ. ಅವುಗಳಿಗೂ ನಮ್ಮ ಬಚ್ಚಲಮನೆಗೂ ಏನು ಸಂಬಂಧ ಅನ್ನುವುದು ಗೊತ್ತಾದದ್ದು ಮನೆಗೆ ವಾಟರ್ ಸಾಫ್ಟನರ್ ಹಾಕಿಸಲು ಹೊರಟಾಗ.

ನಮ್ಮ ಮನೆ ಇರುವುದು ಬೀರಂಗುಡದಲ್ಲಿ. ಹೈದರಾಬಾದಿನ ಪಶ್ಚಿಮ ತುದಿ. ಚಂದಾನಗರ, ಲಿಂಗಂಪಲ್ಲಿ, ಬೀರಂಗುಡ, ಪಟಾನ್‌ಚೆರು ಈ ಸಾಲಿನಲ್ಲಿ ಬೀದರ, ಕಲಬುರಗಿ ಕಡೆಯವರು ಬಹಳ ಮಂದಿ ಇದ್ದೇವೆ. ಕಾರಣ ಸರಳ: ಊರಿನ ಬಸ್ಸು ಈ ರಸ್ತೆಯ ಮೇಲೇ ಹೋಗುತ್ತದೆ. ಶನಿವಾರ ಸಂಜೆ ಚೀಲ ಹಿಡಿದು ರಸ್ತೆಗೆ ಬಂದು ನಿಂತರೆ ಸಾಕು. 1956ರ ತನಕ ಬೀದರ ಹೈದರಾಬಾದ್ ಸಂಸ್ಥಾನದ್ದೇ ಜಿಲ್ಲೆ. ನಮ್ಮ ಅಜ್ಜನ ಕಾಲಕ್ಕೆ ಕೋರ್ಟು, ಕಾಲೇಜು, ದೊಡ್ಡ ದವಾಖಾನೆ ಎಲ್ಲದಕ್ಕೂ ಹೈದರಾಬಾದೇ. ರಾಜ್ಯ ಬೇರೆಯಾದ ಮೇಲೂ ಆ ಓಡಾಟ ನಿಂತಿಲ್ಲ.

ಈ ಓಡಾಟದಲ್ಲಿ ಊರಿನಿಂದ ಬರುವ ಸಾಮಾನು ಎಲ್ಲರಿಗೂ ಗೊತ್ತಿದ್ದದ್ದೇ. ಜೋಳ, ತೊಗರಿಬೇಳೆ, ಖಾರದಪುಡಿ, ಶೇಂಗಾ ಹಿಂಡಿ. ನಮ್ಮ ಮನೆಗೆ ಇವುಗಳ ಜೊತೆ ಇನ್ನೊಂದು ಬರುತ್ತಿತ್ತು. ಹತ್ತು ಲೀಟರಿನ ಒಂದು ಬಿಳಿ ಕ್ಯಾನು, ತುಂಬ ನೀರು. ಅವ್ವ ಬರುವಾಗ ಅದು ಅವಳ ಕಾಲಬುಡದಲ್ಲೇ ಇರುತ್ತಿತ್ತು. ಕಂಡಕ್ಟರ್ ಲಗೇಜು ಕೇಳಿದರೆ, "ನೀರಿಗೂ ಟಿಕೇಟೇನಪ್ಪಾ?" ಎಂದು ಅವನನ್ನೇ ಕೇಳುತ್ತಿದ್ದಳು.

ಅಪ್ಪ ಹೋದ ಮೇಲೆ ಅವ್ವ ಬೀದರಿನಲ್ಲಿ ಒಬ್ಬಳೇ. ಮೊಣಕಾಲು ನೋವು, ಜೊತೆಗೆ ಬಿಪಿ. ನಮ್ಮಲ್ಲೇ ಇದ್ದುಬಿಡು ಎಂದು ಎಷ್ಟು ಸಲ ಕರೆತಂದರೂ ಹದಿನೈದು ದಿನಕ್ಕೆ ಚೀಲ ಕಟ್ಟುತ್ತಿದ್ದಳು. ಕೇಳಿದರೆ ಒಂದೇ ಮಾತು: "ಈ ನೀರಾಗ ಬ್ಯಾಳಿ ಬೇಯಂಗಿಲ್ಲ, ಸಾಬಣ ನೊರಿ ಬರಂಗಿಲ್ಲ, ಮೈ ಎಲ್ಲಾ ತುರಸ್ತದ. ನೀವರ ಹ್ಯಾಂಗ ಇರ್ತೀರಿ ಇಲ್ಲಿ?" ನಮ್ಮವರು ಅದನ್ನು ನೆಪ ಅಂದುಕೊಂಡಿದ್ದರು. ಊರು ಬಿಡಲು ಮನಸ್ಸಿಲ್ಲದವರು ನೀರಿನ ಮೇಲೆ ಹಾಕುತ್ತಾರೆ ಎಂದು. ಮನಸ್ಸಿಲ್ಲದ್ದು ನಿಜವೇ ಇರಬಹುದು. ಆದರೆ ಅವಳು ಹೇಳಿದ ಮೂರರಲ್ಲಿ ಒಂದೂ ಸುಳ್ಳಲ್ಲ.

ಬೀದರ ಊರು ಕೂತಿರುವುದು ಸುಮಾರು 2,300 ಅಡಿ ಎತ್ತರದ ಒಂದು ಚಪ್ಪಟೆ ದಿಬ್ಬದ ಮೇಲೆ. ಮೇಲಿನ ಪದರ ಜಂಬಿಟ್ಟಿಗೆ, ನಮ್ಮ ಕಡೆ ಕೆಂಪುಕಲ್ಲು ಅನ್ನುತ್ತೇವೆ. ಕೆಳಗೆ ದಖ್ಖನ್ನಿನ ಕಪ್ಪು ಬಸಾಲ್ಟ್, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದು ಗಟ್ಟಿಯಾದ ಲಾವಾ. ಆ ಬಸಾಲ್ಟೇ ಲಕ್ಷಾಂತರ ವರ್ಷ ಮಳೆಗೆ ತೊಯ್ದು ಕೊಳೆತು ಕೆಂಪುಕಲ್ಲಾಯಿತು. ಹಾಗೆ ಆಗುವಾಗ ಕಲ್ಲಿನೊಳಗಿನ ಸುಣ್ಣದ ಅಂಶವೆಲ್ಲ ಮಳೆಯೊಂದಿಗೆ ತೊಳೆದು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಆ ಕೆಂಪು ಬಣ್ಣ ಕಬ್ಬಿಣದ್ದು. ಇವತ್ತಿನ ಮಳೆ ಈ ಕಲ್ಲಿನ ತೂತುಗಳಲ್ಲಿ ಇಳಿಯುವಾಗ ಕರಗಿಸಿಕೊಳ್ಳಲು ಸುಣ್ಣವೇ ಇಲ್ಲ. ಹಾಗಾಗಿ ನೀರು ಮೆದು. ಕೆಳಗೆ ಬಿಗಿಯಾದ ಪದರ ತಡೆಯುವುದರಿಂದ ದಿಬ್ಬದ ಅಂಚಿನಲ್ಲಿ ಅದು ಝರಿಯಾಗಿ ಹೊರಬೀಳುತ್ತದೆ.

ಬೀದರಿನ ದೊಡ್ಡ ದೊಡ್ಡ ಪುಣ್ಯಸ್ಥಳಗಳು ಈ ಝರಿಗಳ ಮೇಲೇ ಇವೆ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ಹೋಗಿ ದೇವರನ್ನು ಕಾಣಬೇಕು. ಪಾಪನಾಶದಲ್ಲೂ ಝರಿ. ಗುರುದ್ವಾರದ ನಾನಕ ಝೀರಾ ಹೆಸರಿನಲ್ಲೇ ಝರಿಯಿದೆ. ಅಲ್ಲಿನ ಕಥೆಯಂತೂ ನೇರವಾಗಿ ನಮ್ಮ ವಿಷಯದ್ದೇ. ಊರವರು ಕುಡಿಯಲು ಸಿಹಿನೀರಿಲ್ಲ, ಇರುವುದೆಲ್ಲ ಸವಳು ಎಂದು ಗುರು ನಾನಕರಲ್ಲಿ ಹೇಳಿಕೊಂಡರಂತೆ. ಅವರು ಕಾಲಿನಿಂದ ಕಲ್ಲು ಸರಿಸಿದಲ್ಲಿ ಸಿಹಿನೀರು ಉಕ್ಕಿತಂತೆ. ಇವತ್ತಿಗೂ ಪಂಜಾಬಿನಿಂದ ಬಂದವರು ಆ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಬಸ್ಸಿನಲ್ಲಿ ಕ್ಯಾನು ಹೊತ್ತು ತರುವ ನಮ್ಮ ಅವ್ವನ ಕೆಲಸಕ್ಕೆ ಹೀಗೆ ಬಹಳ ಹಳೆಯ ಬಳಗವಿದೆ.

ನೌಬಾದಿನ ಕರೇಜ್ ಕೂಡ ಇದೇ ಕಲ್ಲನ್ನು ನಂಬಿ ತೋಡಿದ್ದು. 15ನೇ ಶತಮಾನದ ಬಹಮನಿ ಕಾಲದಲ್ಲಿ ಪರ್ಷಿಯಾದ ವಿದ್ಯೆ ತಂದು, ನೆಲದೊಳಗೆ ಸುರಂಗ ಕೊರೆದು, ಅಂತರ್ಜಲವನ್ನು ಇಳಿಜಾರಿನಲ್ಲಿ ತಾನಾಗಿ ಹರಿಯುವಂತೆ ಮಾಡಿದರು. ನಡುನಡುವೆ ಬಾವಿಯಂಥ ಗಾಳಿಗಂಡಿಗಳು. ನಾವು ಸಣ್ಣವರಿದ್ದಾಗ ಅವುಗಳಲ್ಲಿ ಕಲ್ಲೆಸೆದು ಸದ್ದು ಕೇಳುತ್ತಿದ್ದೆವು. ಅದಕ್ಕೆ ಸುರಂಗಬಾವಿ ಅನ್ನುತ್ತಿದ್ದರು. ಪಂಪಿಲ್ಲ, ಕರೆಂಟಿಲ್ಲ, ಎಲ್ಲಿ ಕಲ್ಲು ಬದಲಾಗುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಅನ್ನುವ ತಿಳಿವಳಿಕೆಯೊಂದೇ ಬಂಡವಾಳ.

ಇನ್ನು ಹೈದರಾಬಾದಿಗೆ ಬನ್ನಿ. ಇಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಗಟ್ಟಿ ಕಲ್ಲು, ತೂತಿಲ್ಲ, ಬರೀ ಬಿರುಕು. ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್, ಬಿಸಿಲು ಜಾಸ್ತಿ. ಮಳೆನೀರು ಬಿರುಕುಗಳಲ್ಲಿ ಇಳಿದು ವರ್ಷಗಟ್ಟಲೆ ಅಲ್ಲೇ ಕೂತು ಕಲ್ಲಿನಿಂದ, ಮೇಲಿನ ಮಣ್ಣಿನ ಸುಣ್ಣದ ಗಂಟುಗಳಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆದುಕೊಳ್ಳುತ್ತದೆ. ಎಷ್ಟು ಹೊತ್ತು ಕೂತಿತೋ ಅಷ್ಟು ಗಡಸು.

ಈ ನಗರವನ್ನು ಕಟ್ಟಿದವರು ನೆಲದೊಳಗಿನ ಈ ನೀರನ್ನು ನಂಬಿರಲಿಲ್ಲ. ಕುತುಬ್‌ಶಾಹಿ ಕಾಲದಿಂದ ಅವರದು ಕೆರೆಗಳ ಲೆಕ್ಕ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ ನಿಜಾಮ ಸರಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಸಲಹೆಯಿಂದ ಪ್ರವಾಹ ತಡೆಯಲು ಜಲಾಶಯಗಳು ಬಂದವು: 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ. ಎರಡೂ ಕುಡಿಯುವ ನೀರಿಗೂ ಆದವು. ಆಮೇಲೆ 1960ರ ದಶಕದಿಂದ ಮಂಜೀರಾ, 2004ರಿಂದ ಕೃಷ್ಣಾ, 2015ರಿಂದ ಗೋದಾವರಿ. ಮಂಜೀರಾ ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ ನಮ್ಮ ಬೀದರ ಜಿಲ್ಲೆಯನ್ನು ಹಾಯ್ದು ತೆಲಂಗಾಣಕ್ಕೆ ಇಳಿಯುತ್ತದೆ. ಕೃಷ್ಣೆಯಂತೂ ಆಲಮಟ್ಟಿ, ನಾರಾಯಣಪುರ ದಾಟಿ ಬಂದವಳು. ಹೈದರಾಬಾದಿನ ಹಳಬರು ನಲ್ಲಿನೀರಿಗೆ ಈಗಲೂ 'ಮಂಜೀರಾ ನೀರು' ಅಂತಲೇ ಹೇಳುತ್ತಾರೆ. ನದಿಯ ನೀರು ಮೇಲ್ಮೈಯಲ್ಲಿ ಹರಿದು ಬರುವುದರಿಂದ ಅಷ್ಟು ಗಡಸಿಲ್ಲ.

ಆದರೆ ಊರು ಬೆಳೆದಷ್ಟು ವೇಗದಲ್ಲಿ ನಲ್ಲಿ ಬೆಳೆಯಲಿಲ್ಲ. ನಮ್ಮ ಕಾಲೊನಿಗೆ ನಲ್ಲಿ ಬಂದದ್ದು ತಡವಾಗಿ. ಈಗಲೂ ದಿನ ಬಿಟ್ಟು ದಿನ ಸ್ವಲ್ಪ ಹೊತ್ತು. ಅದು ಅಡಿಗೆಗೆ, ಕುಡಿಯಲು ಸರಿಹೋಗುತ್ತದೆ. ಮಿಕ್ಕದ್ದಕ್ಕೆಲ್ಲ ಬೋರು, ಬೇಸಿಗೆಯಲ್ಲಿ ಟ್ಯಾಂಕರು. ಟ್ಯಾಂಕರಿನಲ್ಲಿ ಬರುವುದೂ ಇನ್ಯಾರದೋ ಬೋರಿನ ನೀರೇ. ನಮ್ಮದು ಮೊದಲು 300 ಅಡಿಯ ಬೋರು. ಅದು ಒಣಗಿ ಈಗ 800 ಅಡಿ. ಆಳಕ್ಕೆ ಹೋದಂತೆ ನೀರಿನ ಗಡಸೂ ಹೆಚ್ಚಿತು.

ಗಡಸು ನೀರಿನ ಮನೆ ಹೇಗಿರುತ್ತದೆಂದು ಪುಣೆಯ ಹೊರವಲಯದಲ್ಲಿ, ಚೆನ್ನೈನ ಬೋರುಗಳ ಜೊತೆ, ಗುರುಗ್ರಾಮದಲ್ಲಿ ಇರುವ ನಿಮಗೆ ನಾನು ಹೇಳಬೇಕಾಗಿಲ್ಲ. ನಲ್ಲಿಯ ಬಾಯಿಗೆ ಬಿಳಿ ಗಡ್ಡ. ಶವರಿನ ಅರ್ಧ ತೂತು ಬಂದ್. ಸ್ಟೀಲಿನ ತಂಬಿಗೆಯ ಮೇಲೆ ಎಷ್ಟು ತಿಕ್ಕಿದರೂ ಹೋಗದ ಮಬ್ಬು. ಗೀಸರ್ ಬಿಚ್ಚಿದಾಗ ಒಳಗಿನ ಕಾಯಿಲ್ ಮೇಲೆ ಸುಣ್ಣದ ಕವಚ. ನಮ್ಮಲ್ಲಿ ಎರಡು ವರ್ಷಕ್ಕೊಂದು ಕಾಯಿಲ್ ಸುಟ್ಟಿದೆ. ಸಾಬೂನು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಜಿಗುಟು ಕೊಳೆಯಾಗುತ್ತದೆಯೇ ಹೊರತು ನೊರೆಯಾಗುವುದಿಲ್ಲ. ಆ ಕೊಳೆ ಬಟ್ಟೆಯಲ್ಲೂ ಉಳಿಯುತ್ತದೆ, ಮೈಮೇಲೂ ಉಳಿಯುತ್ತದೆ. ಅವ್ವನ ತುರಿಕೆ ಅದೇ. ಬೇಳೆಯ ಮಾತೂ ಸರಿ: ಬೇಳೆಯಲ್ಲಿರುವ ಪೆಕ್ಟಿನ್ ಅಂಶವನ್ನು ಕ್ಯಾಲ್ಸಿಯಂ ಬಿಗಿ ಮಾಡುತ್ತದೆ, ಹಾಗಾಗಿ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಕಲಬುರಗಿಯ ಒಳ್ಳೆ ತೊಗರಿಬೇಳೆಯೂ ಬೋರಿನ ನೀರಿನಲ್ಲಿ ಎರಡು ಸೀಟಿ ಜಾಸ್ತಿ ಕೇಳುತ್ತದೆ.

ಹೋದ ವರ್ಷ ಸಂಕ್ರಾಂತಿಯ ನಂತರ ಅವ್ವ ಮತ್ತೆ ಬಂದಳು. ಈ ಸಲ ಮೊಣಕಾಲಿನ ಆಪರೇಷನ್ ಆಗಬೇಕು, ಮೂರು ತಿಂಗಳು ಊರಿಗೆ ಹೋಗುವಂತಿಲ್ಲ. ಆಗ ನಾವು ಸಾಫ್ಟನರ್ ಹಾಕಿಸುವುದೆಂದು ನಿಶ್ಚಯಿಸಿದೆವು.

ಮೊದಲು ನೀರು ಅಳೆಯಬೇಕು. ಅಂಗಡಿಯಲ್ಲಿ ಸಣ್ಣ ಕಿಟ್ ಸಿಗುತ್ತದೆ. ಬಾಟಲಿಗೆ ಗುರುತಿನ ತನಕ ನೀರು ಹಾಕಿ, ಬಣ್ಣದ ಪುಡಿ ಬೆರೆಸಿದರೆ ನೀರು ದ್ರಾಕ್ಷಾರಸದಂತೆ ಕೆಂಪಾಗುತ್ತದೆ. ಆಮೇಲೆ ಇನ್ನೊಂದು ಔಷಧಿಯನ್ನು ಹನಿಹನಿಯಾಗಿ ಹಾಕುತ್ತ ಎಣಿಸಬೇಕು. ಕೆಂಪು ಹೋಗಿ ನೀಲಿಯಾದ ಹನಿಗೆ ನಿಲ್ಲಿಸಬೇಕು. ನಮ್ಮ ಕಿಟ್‌ನಲ್ಲಿ ಒಂದು ಹನಿಗೆ ಲೀಟರಿಗೆ 25 ಮಿಲಿಗ್ರಾಂ ಗಡಸಿನ ಲೆಕ್ಕ. ಮಗಳು ಎಣಿಸಿದಳು. ನಲ್ಲಿನೀರು 6 ಹನಿಗೆ ನೀಲಿಯಾಯಿತು, ಅಂದರೆ 150. ಬೋರಿನ ನೀರು 26 ಹನಿ ಕುಡಿಯಿತು, ಅಂದರೆ 650. ಅವ್ವನ ಕ್ಯಾನಿನ ನೀರಿಗೆ ಎರಡನೇ ಹನಿಗೇ ನೀಲಿ. ಅವ್ವ ಏನೂ ಮಾತಾಡಲಿಲ್ಲ, ನಮ್ಮವರ ಕಡೆ ಒಂದು ಸಲ ನೋಡಿದಳು ಅಷ್ಟೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಮಿತಿ 200. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರ ತನಕ. ನಮ್ಮದು ಅದನ್ನೂ ಮೀರಿತ್ತು.

ಇಲ್ಲಿ ಒಂದು ಮಾತು. ಬಹಳ ಜನ ಟಿಡಿಎಸ್ ಮೀಟರ್ ಅದ್ದಿ ನೋಡಿ ಗಡಸು ಇಷ್ಟು ಅನ್ನುತ್ತಾರೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ್ದೆಲ್ಲದರ ಮೊತ್ತ. ಅದರಲ್ಲಿ ಉಪ್ಪೂ ಸೇರಿದೆ, ಸುಣ್ಣವೂ ಸೇರಿದೆ. ಗಡಸು ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾತ್ರ. ಮಾರಲು ಬರುವವರು ಮೀಟರ್ ತೋರಿಸಿದರೆ ಹನಿ ಎಣಿಸಿ ತೋರಿಸಿ ಎಂದು ಹೇಳಿ. ನಮ್ಮಲ್ಲಿಗೆ ಬಂದವರಲ್ಲಿ ಒಬ್ಬರು ಪೈಪಿನ ಹೊರಗೆ ಆಯಸ್ಕಾಂತ ಕಟ್ಟಿದರೆ ಸಾಕು, ಉಪ್ಪೇ ಬೇಡ ಎಂದರು. ಕಟ್ಟಿದ ಮೇಲೆ ಎಷ್ಟು ಹನಿಗೆ ನೀಲಿಯಾಗುತ್ತದೆ ಎಂದು ಮಗಳು ಕೇಳಿದ್ದಕ್ಕೆ ಅವರು ಬೇರೆ ವಿಷಯ ತೆಗೆದರು.

ಸಾಫ್ಟನರ್ ಒಳಗಿನ ಕೆಲಸ ಸರಳ. ಉದ್ದನೆಯ ಸಿಲಿಂಡರಿನಲ್ಲಿ ಸಾಸಿವೆಗಿಂತ ಸಣ್ಣ, ಜೇನುಬಣ್ಣದ ರೆಸಿನ್ ಕಾಳುಗಳು. ಪ್ರತಿ ಕಾಳಿನ ಮೈಮೇಲೂ ಸೋಡಿಯಂ ಅಂಟಿಕೊಂಡಿರುತ್ತದೆ. ಗಡಸು ನೀರು ಹಾಯುವಾಗ ಕಾಳು ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಕೆಲವು ದಿನಕ್ಕೆ ಕಾಳಿನಲ್ಲಿ ಜಾಗ ಮುಗಿಯುತ್ತದೆ. ಆಗ ಗಟ್ಟಿ ಉಪ್ಪುನೀರು ಹಾಯಿಸಿದರೆ ಹಿಡಿದಿದ್ದ ಸುಣ್ಣವನ್ನೆಲ್ಲ ಬಿಟ್ಟು ಮತ್ತೆ ಸೋಡಿಯಂ ತುಂಬಿಕೊಳ್ಳುತ್ತದೆ. ಇದಕ್ಕೆ ರೀಜನರೇಷನ್ ಅನ್ನುತ್ತಾರೆ. ಉಪ್ಪು ಅಯೋಡಿನ್ ಇಲ್ಲದ ಹರಳುಪ್ಪು ಆಗಬೇಕು.

ಲೆಕ್ಕ ಹೀಗೆ. 25 ಲೀಟರ್ ರೆಸಿನ್ ಒಂದು ಸುತ್ತಿಗೆ ಹೆಚ್ಚು ಕಡಿಮೆ 1,250 ಗ್ರಾಂ ಗಡಸು ಹಿಡಿಯುತ್ತದೆ. ನಮ್ಮ ಬೋರಿನ ಒಂದು ಲೀಟರಿನಲ್ಲಿ 0.65 ಗ್ರಾಂ. ಅಂದರೆ ಸುಮಾರು 1,900 ಲೀಟರ್ ಮೆದು ನೀರು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರಕಾರಿ ಲೆಕ್ಕದಂತೆ ನಾಲ್ಕು ಜನರಿಗೆ 540. ಮೂರೂವರೆ ದಿನಕ್ಕೊಮ್ಮೆ ರೀಜನರೇಷನ್, ಪ್ರತಿ ಸಲ 3 ಕೆಜಿ ಉಪ್ಪು. ತಿಂಗಳಿಗೆ 26 ಕೆಜಿ, ಒಂದು ಮೂಟೆ.

ಫಿಟ್ಟಿಂಗ್ ಮಾಡಲು ಬಂದ ಪ್ಲಂಬರ್ ಜಹೀರಾಬಾದ್ ಕಡೆಯ ಹುಡುಗ. ತೆಲುಗು, ಉರ್ದು, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವವನು. ತಾರಸಿಯಲ್ಲಿ ಓವರ್‌ಹೆಡ್ ಟ್ಯಾಂಕಿನ ಪಕ್ಕ ಸಿಲಿಂಡರ್ ನಿಲ್ಲಿಸಿ, ಮುಂದೆ ಒಂದು ಮರಳಿನ ಫಿಲ್ಟರ್ ಇಟ್ಟ. ಬೋರಿನ ಮಣ್ಣು, ಕಬ್ಬಿಣದ ಅಂಶ ನೇರ ರೆಸಿನ್‌ಗೆ ಹೋದರೆ ಕಾಳು ಕೆಡುತ್ತವೆ. ಟ್ಯಾಂಕಿನ ಎತ್ತರ ಸಾಲದೆ ನೀರಿನ ಒತ್ತಡ ಕಡಿಮೆಯಾಗುವುದರಿಂದ ಸಣ್ಣ ಪ್ರೆಷರ್ ಪಂಪೂ ಬೇಕಾಯಿತು. ಎಲ್ಲ ಸೇರಿ 38,000 ರೂಪಾಯಿ.

ಅವ್ವ ಕುರ್ಚಿ ಹಾಕಿಸಿಕೊಂಡು ತಾರಸಿಯ ಮೇಲೆ ಕೂತಿದ್ದಳು. ಹುಡುಗ ಡ್ರೇನ್ ಪೈಪು ಜೋಡಿಸುವಾಗ ಕೇಳಿದಳು: "ಆ ಉಪ್ಪಿನ ನೀರು ಎಲ್ಲಿ ಹೋಗ್ತದ ತಮ್ಮಾ?"

"ಮೋರಿಗಿ ಬಿಡ್ತೀವ್ರಿ ಅಮ್ಮಾ. ಎಲ್ಲಾರ ಮನ್ಯಾಗೂ ಹಂಗೇ ಅದರಿ."

"ಮೋರಿ ಎಲ್ಲಿ ಹೋಗ್ತದ?"

ಹುಡುಗ ನನ್ನ ಕಡೆ ನೋಡಿದ. ನಮ್ಮ ಮನೆಯ ಹೊಲಸು ನೀರಿಗೆ ಆಗ ಇದ್ದದ್ದು ಮೋರಿಯಲ್ಲ, ಅಂಗಳದ ಇಂಗುಗುಂಡಿ. ಅದರಿಂದ ಹದಿನೈದು ಹೆಜ್ಜೆಗೆ ನಮ್ಮ ಬೋರು. ಗೋಡೆಯಾಚೆ ಪಕ್ಕದ ಮನೆಯವರ ಬೋರು. ಬೀದಿಯಲ್ಲಿ ಮೋರಿ ಇದೆ, ಅದರ ಇಳಿಜಾರು ಅಮೀನ್‌ಪುರದ ಕೆರೆಯ ಕಡೆಗೆ. ಆ ಕೆರೆಗೆ ಚಳಿಗಾಲದಲ್ಲಿ ದೂರದೂರದ ಹಕ್ಕಿಗಳು ಬರುತ್ತವೆ. 2016ರಲ್ಲಿ ಅದಕ್ಕೆ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮಾನ್ಯತೆ ಸಿಕ್ಕಿದೆ. ತಿಂಗಳಿಗೆ 26 ಕೆಜಿ ಅಂದರೆ ವರ್ಷಕ್ಕೆ ಮೂರು ಕ್ವಿಂಟಲ್ ಉಪ್ಪು. ನಮ್ಮ ಬೀದಿಯಲ್ಲೇ ಸಾಫ್ಟನರ್ ಹಾಕಿಸಿದ ಮನೆಗಳು ಒಂಬತ್ತು.

ಸಾಫ್ಟನರ್ ಮಾರುವ ಯಾರೂ ಹೇಳದ ಮಾತು ಇದೇ. ಯಂತ್ರದಿಂದ ಗಡಸು ಎಲ್ಲಿಗೂ ಮಾಯವಾಗುವುದಿಲ್ಲ. ನಮ್ಮ ಬಚ್ಚಲಿನಿಂದ ತೆಗೆದದ್ದು, ಅದರ ಎರಡರಷ್ಟು ಉಪ್ಪಿನ ಜೊತೆ, ಇನ್ನೊಂದು ಕಡೆ ಹೋಗಿ ಬೀಳುತ್ತದೆ. ಇಂಗುಗುಂಡಿಗೆ ಬಿಟ್ಟರೆ ನಾಳೆ ನಮ್ಮ ಬೋರಿಗೆ, ನೆರೆಯವರ ಬೋರಿಗೆ. ಸುಣ್ಣವನ್ನಾದರೂ ರೆಸಿನ್ ಹಿಡಿಯುತ್ತದೆ, ಉಪ್ಪನ್ನು ಹಿಡಿಯುವುದಿಲ್ಲ. ಒಮ್ಮೆ ಸವಳಾದ ಬೋರನ್ನು ಸಾಫ್ಟನರ್ ಸಿಹಿ ಮಾಡಲಾರದು.

ಆವತ್ತು ಪ್ಲಂಬರಿನ ಕೆಲಸ ಅಲ್ಲಿಗೇ ನಿಲ್ಲಿಸಿದೆವು. ಎರಡು ದಿನ ಕೂತು ಮನೆಯ ನೀರಿನ ದಾರಿ ಪೂರ್ತಿ ಬರೆದೆವು. ಕಕ್ಕಸಿಗೆ, ಗಿಡಕ್ಕೆ, ಅಂಗಳ ತೊಳೆಯಲು, ಕಾರಿಗೆ ಮೆದು ನೀರು ಯಾಕೆ? ಬೇಕಾದದ್ದು ಸ್ನಾನಕ್ಕೆ, ವಾಷಿಂಗ್ ಮಷಿನ್‌ಗೆ, ಗೀಸರಿಗೆ, ಪಾತ್ರೆಗೆ. ದಿನಕ್ಕೆ 320 ಲೀಟರ್ ಸಾಕು. ಪೈಪು ಎರಡು ಮಾಡಿಸಿದೆವು. ರೀಜನರೇಷನ್ ಮೂರೂವರೆ ದಿನದಿಂದ ಆರು ದಿನಕ್ಕೆ ಹೋಯಿತು, ಉಪ್ಪು ತಿಂಗಳಿಗೆ 26ರಿಂದ 15 ಕೆಜಿಗೆ ಇಳಿಯಿತು. ಗಿಡಕ್ಕೆ ಮೆದು ನೀರು ಹಾಕಲೂಬಾರದು. ಸೋಡಿಯಂ ಮಣ್ಣನ್ನು ಬಿಗಿ ಮಾಡುತ್ತದೆ, ತುಳಸಿ ಮೊದಲು ಒಣಗುತ್ತದೆ.

ಅಡಿಗೆಮನೆಗೆ ಮಾತ್ರ ಸಾಫ್ಟನರ್ ಪೈಪು ಕೊಡಲಿಲ್ಲ, ಪಾತ್ರೆ ತೊಳೆಯುವ ಹಿತ್ತಿಲ ನಲ್ಲಿಗೆ ಕೊಟ್ಟೆವು. ಒಂದು ಲೀಟರಿನಲ್ಲಿ 650 ಮಿಲಿಗ್ರಾಂ ಗಡಸು ತೆಗೆದರೆ ಅದರ ಬದಲಿಗೆ 300 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬಿಪಿ ಇರುವವರು ಕುಡಿಯುವ, ಅಡಿಗೆ ಮಾಡುವ ನೀರಲ್ಲ ಅದು. ಕುಡಿಯಲು, ಬೇಳೆಗೆ ನಲ್ಲಿನೀರು. ನಲ್ಲಿ ಬಾರದ ದಿನ ಆರ್‌ಓ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಮರೆಯಬೇಡಿ.

ಇನ್ನು ಮಳೆ. ನಮ್ಮ ತಾರಸಿ ಹೆಚ್ಚು ಕಡಿಮೆ 100 ಚದರ ಮೀಟರ್. 800 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವುದು 80,000 ಲೀಟರ್. ಚೆಲ್ಲಿದ್ದು, ಮೊದಲ ಮಳೆಯ ಕೊಳೆ ಬಿಟ್ಟರೂ 60,000 ಲೀಟರ್ ಸಿಕ್ಕೀತು. ಅಷ್ಟನ್ನೂ ಒಮ್ಮೆಲೇ ತುಂಬಿಡುವ ಜಾಗ ಯಾರ ಮನೆಯಲ್ಲೂ ಇರುವುದಿಲ್ಲ. ಆದರೆ ತಾರಸಿಯ ನೀರನ್ನು ಮರಳು, ಜಲ್ಲಿಯ ಗುಂಡಿಯಲ್ಲಿ ಸೋಸಿ ಮೊದಲು ಸಂಪಿಗೆ, ಸಂಪು ತುಂಬಿ ಹೊರಬಂದದ್ದನ್ನು ಬೋರಿನ ಪಕ್ಕದ ಮರುಪೂರಣ ಗುಂಡಿಗೆ ಬಿಡಬಹುದು. ಮಳೆನೀರಿನಲ್ಲಿ ಗಡಸೇ ಇಲ್ಲ. ಅದು ಸಂಪಿನಲ್ಲಿರುವ ತನಕ ಸಾಫ್ಟನರ್ ಬೈಪಾಸ್ ವಾಲ್ವ್ ತಿರುಗಿಸಿ ಯಂತ್ರಕ್ಕೆ ರಜೆ ಕೊಟ್ಟರಾಯಿತು. ಹಾಗೆಯೇ ಮಾಡಿದೆವು. ಜಹೀರಾಬಾದಿನ ಹುಡುಗನೇ ಬಂದು ಎಲ್ಲ ಜೋಡಿಸಿದ. ಈ ಕೆಲಸಕ್ಕೆ ಸಾಫ್ಟನರ್‌ಗಿಂತ ಕಡಿಮೆ ದುಡ್ಡು ಹೋಯಿತು.

ಉಳಿದ ಉಪ್ಪುನೀರಿನ ಪ್ರಶ್ನೆಗೆ ಕಾಲೊನಿಯ ಸಭೆಯಲ್ಲಿ ಮಾತೆತ್ತಿದೆವು. ಹೊಸ ಒಳಚರಂಡಿ ಕೊಳವೆ ಮುಂದಿನ ಬೀದಿಯ ತನಕ ಬಂದಿತ್ತು. ಶುದ್ಧೀಕರಣ ಘಟಕಕ್ಕೆ ಹೋಗುವ ಕೊಳವೆ ಅದು. ಒಂಬತ್ತೂ ಮನೆಯವರು ಸೇರಿ ಅರ್ಜಿ ಕೊಟ್ಟು, ದುಡ್ಡು ಕಟ್ಟಿ, ನಮ್ಮ ಬೀದಿಗೆ ಅದನ್ನು ಎಳೆಸಿಕೊಂಡೆವು. ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯ ತನಕ ನಮ್ಮ ಯಂತ್ರ ಓಡಲಿಲ್ಲ. ಹೊಸ ಸಿಲಿಂಡರ್ ತಾರಸಿಯಲ್ಲಿ ಬಟ್ಟೆ ಮುಚ್ಚಿಕೊಂಡು ನಿಂತಿತ್ತು, ಆಪರೇಷನ್ ಆದ ಅವ್ವನಿಗೆ ನಲ್ಲಿನೀರನ್ನೇ ಕಾಯಿಸಿ ಸ್ನಾನ ಮಾಡಿಸಿದೆವು. ಶುದ್ಧೀಕರಣ ಘಟಕವೂ ಉಪ್ಪನ್ನು ತೆಗೆಯುವುದಿಲ್ಲ, ಅದು ನಮಗೆ ಗೊತ್ತಿದೆ. ಆದರೆ ನೆರೆಯವರ ಬೋರಿನ ಬುಡಕ್ಕೆ ಬೀಳುವುದಕ್ಕಿಂತ ದೊಡ್ಡ ನೀರಿನಲ್ಲಿ ಬೆರೆತು ತೆಳುವಾಗುವುದು ಮೇಲು. ನಮ್ಮ ಕೈಲಾದ ಕೆಲಸ ಉಪ್ಪು ಕಡಿಮೆ ಮಾಡುವುದು.

ಈಗ ಬೋರಿನ ನೀರು ಯಂತ್ರ ದಾಟಿ ಬಂದರೆ ಮೊದಲನೇ ಹನಿಗೇ ನೀಲಿ. ಮೊದಮೊದಲು ಮೈ ಜಾರಿದಂತಾಗಿ ಸಾಬೂನು ಹೋಗಲೇ ಇಲ್ಲವೇನೋ ಅನ್ನಿಸುತ್ತದೆ. ಒಂದು ವಾರಕ್ಕೆ ರೂಢಿಯಾಗುತ್ತದೆ. ಬಟ್ಟೆಯ ಸೋಪಿನಪುಡಿ ಅರ್ಧಕ್ಕೆ ಇಳಿದಿದೆ. ಗೀಸರ್ ಬಿಚ್ಚಿ ನೋಡಿದಾಗ ಕಾಯಿಲ್ ಸ್ವಚ್ಛ. ಅವ್ವನ ತುರಿಕೆ ನಿಂತಿದೆ. ಮೂರು ತಿಂಗಳಿಗೆಂದು ಬಂದವಳು ಶ್ರಾವಣ ಮುಗಿಯುವ ತನಕ ಇದ್ದಳು. ಆಮೇಲೆ ಊರಿಗೆ ಹೋದಳು, ದೀಪಾವಳಿಗೆ ಮತ್ತೆ ಬಂದಳು. ಕ್ಯಾನೂ ಬಂತು. "ಸ್ನಾನಕ್ಕ ನಿಮ್ಮ ನೀರು ನಡೀತದ, ಚಾಕ್ಕ ನಡಿಯಂಗಿಲ್ಲ" ಎಂದಳು. ಅದನ್ನು ನಾವು ಒಪ್ಪಿಕೊಂಡಿದ್ದೇವೆ. ಬಿದರಿ ಕಲೆಯ ಹೂಜಿಗೆ ಕಪ್ಪು ಬರಬೇಕಾದರೆ ಬೀದರ ಕೋಟೆಯ ಮಣ್ಣೇ ಬೇಕು ಅನ್ನುತ್ತಾರೆ. ಅವ್ವನ ಚಹಾಕ್ಕೂ ಹಾಗೇ ಇರಬೇಕು.

ಸಾಫ್ಟನರ್ ಹಾಕಿಸುವ ವಿಚಾರದಲ್ಲಿರುವವರು ಇಷ್ಟು ನೋಡಿಕೊಳ್ಳಿ. ಮೊದಲು ಹನಿ ಎಣಿಸಿ. ಆಮೇಲೆ ಎಷ್ಟು ನೀರು ನಿಜವಾಗಿ ಮೆದುವಾಗಬೇಕು ಎಂದು ಬರೆಯಿರಿ, ಅದಕ್ಕೆ ತಕ್ಕ ಯಂತ್ರ ತನ್ನಿ. ಕುಡಿಯುವ ನೀರಿನ ಪೈಪನ್ನು ಬೇರೆ ಇಡಿ. ಪೈಪು ಕೊರೆಯುವ ಮುಂಚೆ ಉಪ್ಪುನೀರು ಎಲ್ಲಿಗೆ ಹೋಗುತ್ತದೆಂದು ಕೇಳಿ, ಮೋರಿಗೆ ಅಂದರೆ ಮೋರಿ ಎಲ್ಲಿಗೆ ಎಂದು ಇನ್ನೊಂದು ಸಲ ಕೇಳಿ. ತಾರಸಿಯ ಮಳೆಯನ್ನು ಬಿಡಬೇಡಿ.

ನಮ್ಮ ಯಂತ್ರದ ಪಕ್ಕದ ಗೋಡೆಗೆ ಮಗಳು ಒಂದು ನೋಟುಬುಕ್ಕು ತೂಗುಹಾಕಿದ್ದಾಳೆ. ಉಪ್ಪು ಹಾಕಿದ ತಾರೀಕು, ಎಷ್ಟು ಕೆಜಿ, ಎಷ್ಟು ಹನಿ. ಮೇ ತಿಂಗಳ ಹಾಳೆಯಲ್ಲಿ ಐದು ಸಾಲುಗಳಿವೆ, 15 ಕೆಜಿ. ಜುಲೈ ಹಾಳೆಯಲ್ಲಿ ಎರಡೇ ಸಾಲು, 6 ಕೆಜಿ. ಆಗಸ್ಟಿನದರಲ್ಲಿ ಮೂರು ವಾರ ಸಾಲಾಗಿ ಒಂದೇ ಪದ ಬರೆದಿದ್ದಾಳೆ: ಮಳೆ.